ಹೊಳೆಯ ತಿರುವು, ಹೊಳೆಯ ಬಯಲು



ಸಂಘದಿಂದ ಸಾಲ ಪಡೆದು ಮನೆ, ದನದ ಕೊಟ್ಟಿಗೆ ಕಟ್ಟುವವರು ನಮ್ಮಲ್ಲಿ ಅನೇಕರಿದ್ದಾರೆ. ಹೊಳೆದಂಡೆಯ ಊರುಗಳಲ್ಲಿ ಅದಕ್ಕೆ ಮೊದಲು ಹೊಳೆಯ ನಡತೆಯನ್ನು ತಿಳಿದಿರಬೇಕು. ಮಲಪ್ರಭೆಯನ್ನೇ ನೋಡೋಣ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟೆ ದಾಟಿ, ಪಟ್ಟದಕಲ್ಲು, ಐಹೊಳೆ ಬಳಸಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಬಯಲಿನಲ್ಲಿ ಇಳಿಜಾರು ಕಡಿಮೆ, ಮಣ್ಣು ಮೆತ್ತಗೆ. ಹಾಗಾಗಿ ಹೊಳೆ ಹಾವಿನಂತೆ ಬಳುಕುತ್ತಾ ಹೋಗುತ್ತದೆ.

ತಿರುವಿನಲ್ಲಿ ಏನಾಗುತ್ತದೆ? ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಬಟ್ಟಲು ನೀರಿಗೆ ಕುದಿಸಿ ಸೋಸಿದ ಚಹಾಪುಡಿಯನ್ನು ಚಿಟಿಕೆಯಷ್ಟು ಹಾಕಿ, ಚಮಚದಿಂದ ಗರಗರ ತಿರುಗಿಸಿ ಬಿಡಿ. ಪುಡಿ ಅಂಚಿಗೆ ಹೋಗಲ್ಲ, ತಳದ ನಡುವೆ ಗುಡ್ಡೆಯಾಗುತ್ತದೆ! ಮೇಲಿನ ನೀರು ಜೋರಾಗಿ ಸುತ್ತಿ ಅಂಚಿಗೆ ಒತ್ತಿ, ಅಲ್ಲಿಂದ ಕೆಳಗಿಳಿಯುತ್ತದೆ. ತಳಕ್ಕೆ ಉಜ್ಜಿ ನಿಧಾನವಾದ ನೀರು ಪುಡಿಯನ್ನು ಎಳೆದುಕೊಂಡು ನಡುವಿಗೆ ಬರುತ್ತದೆ. ವಿಜ್ಞಾನಿ ಐನ್‌ಸ್ಟೈನ್ 1926ರಲ್ಲಿ ಇದೇ ಚಹಾಪುಡಿಯ ಉದಾಹರಣೆಯಿಂದ ನದಿಗಳ ಬಳುಕನ್ನು ವಿವರಿಸಿದರು.

ಹೊಳೆಯಲ್ಲೂ ಹೀಗೆಯೇ. ತಿರುವಿನ ಹೊರದಂಡೆಗೆ ನೀರು ಬಡಿದು ಮಣ್ಣು ಕೊರೆಯುತ್ತದೆ. ಒಳದಂಡೆಯಲ್ಲಿ ಮರಳು ಬಿಡುತ್ತದೆ. ಹೊರದಂಡೆ ಕುಸಿಯುತ್ತಾ, ಒಳದಂಡೆ ಬೆಳೆಯುತ್ತಾ, ಹೊಳೆ ನಿಧಾನವಾಗಿ ಜಾಗ ಬದಲಿಸುತ್ತದೆ.

ಅಕ್ಕಪಕ್ಕದ ಸಮತಟ್ಟು ಭೂಮಿಯೇ ನೆರೆಬಯಲು. ಹೊಳೆಯೇ ತಂದು ಹಾಸಿದ ಮಣ್ಣು ಅದು. ಪ್ರವಾಹದ ನೀರು ಅಲ್ಲಿ ಹರಡಿ ವೇಗ ಕಳೆದುಕೊಳ್ಳುತ್ತದೆ, ಫಲವತ್ತಾದ ಮೆಕ್ಕಲು ಬಿಡುತ್ತದೆ, ನೆಲಕ್ಕಿಳಿದು ಬಾವಿಗಳಿಗೂ ಆಸರೆಯಾಗುತ್ತದೆ. ಕೆಳಗಿನ ಊರಿಗೆ ನೀರು ಒಮ್ಮೆಲೇ ನುಗ್ಗುವುದಿಲ್ಲ.

ಆದರೆ ಅಣೆಕಟ್ಟೆಯ ಕೆಳಗೆ ಎಷ್ಟೋ ವರ್ಷ ಹೊಳೆ ಸಣ್ಣದಾಗಿ ಹರಿಯುತ್ತದೆ. ಇನ್ನು ನೀರು ಬರೋದಿಲ್ಲ ಅಂತ ದಂಡೆಯವರೆಗೂ ಉಳುತ್ತೇವೆ, ಒಡ್ಡು ಹಾಕುತ್ತೇವೆ, ಹೊಳೆಯ ಪಾತ್ರ ಕಿರಿದಾಗುತ್ತದೆ. 2009ರಲ್ಲಿ ಉತ್ತರ ಕರ್ನಾಟಕದ ನೆರೆ ಎಷ್ಟೋ ಊರುಗಳನ್ನು ಮುಳುಗಿಸಿತು. 2019ರ ಆಗಸ್ಟ್‌ನಲ್ಲಿ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. ಹೊಳೆ ತನ್ನ ಬಯಲನ್ನು ಮರೆತಿರಲಿಲ್ಲ.

ಆದ್ದರಿಂದ ನಾವು ಮಾಡಬಹುದಾದದ್ದು:

* ತಿರುವಿನ ಹೊರದಂಡೆಯ ಹತ್ತಿರ ಏನನ್ನೂ ಕಟ್ಟಬೇಡಿ. ಒಳದಂಡೆ ಗಟ್ಟಿ ಕಂಡರೂ ಅದು ನೆರೆಬಯಲೇ.
* ನೆರೆಬಯಲಿನಲ್ಲಿ ಬೆಳೆ ಇರಲಿ, ಮನೆ ಎತ್ತರದಲ್ಲಿರಲಿ.
* ದಂಡೆಯ ಹುಲ್ಲು, ಬಿದಿರು, ಹೊಂಗೆ ಕಡಿಯಬೇಡಿ. ಬೇರು ಮಣ್ಣನ್ನು ಹಿಡಿಯುತ್ತದೆ.
* ಮರಳು ಬಗೆಯುವುದನ್ನು ತಡೆಯಿರಿ. ಹೊಳೆ ಆಳವಾದಷ್ಟೂ ದಂಡೆ ಕುಸಿಯುತ್ತದೆ.

ಮುಂದಿನ ಸಭೆಯಲ್ಲಿ ರಂಗೋಲಿ ಪುಡಿಯಿಂದ ನಿಮ್ಮೂರ ಹೊಳೆಯ ನಕ್ಷೆ ಬರೆಯಿರಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಗುರುತು ಹಾಕಿ. ಮನೆಗೆ ಸಾಲ ಮಂಜೂರು ಮಾಡುವ ಮೊದಲು ಆ ಗೆರೆಯನ್ನು ನೋಡೋಣ.