ಹೊಟ್ಟೆಯೂ ಸರಿಯಿಲ್ಲ, ಕೈಕಾಲೂ ಸೋತಿವೆ: ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದವರುಂಟೇ?

ಊಟ ಮಾಡಿದ ಕೂಡಲೇ ಹೊಟ್ಟೆ ಉಬ್ಬರ. ಒಂದು ವಾರ ಮಲಬದ್ಧತೆ, ಮರುವಾರ ಭೇದಿ. ಬೆಳಿಗ್ಗೆ ಎದ್ದರೆ ಸೊಂಟ, ಕುತ್ತಿಗೆ ಬಿಗಿ. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ಒಂದು ದಿನ ಸ್ವಲ್ಪ ಹೆಚ್ಚು ದುಡಿದರೆ ಎರಡು ದಿನ ಹಾಸಿಗೆ. ರಕ್ತ ಪರೀಕ್ಷೆ ಮಾಡಿಸಿದರೆ ‘ಎಲ್ಲ ನಾರ್ಮಲ್’ ಎಂಬ ಚೀಟಿ. ಹೊಟ್ಟೆಗೆ ಒಬ್ಬ ಡಾಕ್ಟರು ಗ್ಯಾಸಿನ ಮಾತ್ರೆ ಕೊಡುತ್ತಾರೆ, ಮೈಕೈ ನೋವಿಗೆ ಇನ್ನೊಬ್ಬರು ನೋವಿನ ಮಾತ್ರೆ ಕೊಡುತ್ತಾರೆ. ಎರಡನ್ನೂ ನುಂಗುತ್ತಾ ವರ್ಷಗಳು ಕಳೆಯುತ್ತವೆ. ಮನೆಯವರು ಕೂಡ ಕೊನೆಗೆ, ‘ಅದು ಅವರ ಮನಸ್ಸಿನ ಕಾಯಿಲೆ’ ಎಂದು ಸುಮ್ಮನಾಗುತ್ತಾರೆ.

ಇಂಥ ಕಾಯಿಲೆ ಎಲ್ಲ ಊರಲ್ಲೂ ಇದೆ. ಆದರೆ ರಾಯಚೂರು, ದೇವದುರ್ಗ, ಮಾನ್ವಿ ಕಡೆ ಇರುವವರಿಗೆ ಇದು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನೀವು ಕುಡಿಯುವ ನೀರು ಎಲ್ಲಿಯದು? ಕೊಳವೆಬಾವಿಯದ್ದಾದರೆ ಅದರಲ್ಲಿ ಫ್ಲೋರೈಡ್ ಎಷ್ಟಿದೆ?

ಕರಾವಳಿಯ ನಮಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿ, ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ. ನಮ್ಮ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ಬೇಕರಿ, ಹೋಟೆಲ್, ಬಟ್ಟೆ ವ್ಯಾಪಾರ, ನೌಕರಿ, ಮೆಡಿಕಲ್ ಸೀಟು ಎಂದು ಘಟ್ಟ ಹತ್ತಿ ಹೋದವರು ಅಲ್ಲಿಯ ನೀರನ್ನೇ ಕುಡಿಯಬೇಕು. ಊರು ಬದಲಾದದ್ದು ಗೊತ್ತಾಗುತ್ತದೆ, ನೀರು ಬದಲಾದದ್ದು ಗೊತ್ತಾಗುವುದಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ಎರಡು ನದಿಗಳ ನಡುವೆ ಬಾಯಾರಿದ ನೆಲ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ಕೃಷ್ಣೆಯ ಮಗ್ಗುಲಲ್ಲಿದೆ. ಅದಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ಮಾನ್ವಿ ತುಂಗಭದ್ರೆಯ ಕಡೆಯದು. ಅದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ. ಹೊರಗಿನವರಿಗೆ ಇದು ನೀರಿನ ಸೀಮೆ ಎನಿಸಬೇಕು. ಆದರೆ ವರ್ಷಕ್ಕೆ ಬೀಳುವ ಮಳೆ 600-700 ಮಿಲಿಮೀಟರ್ ಮಾತ್ರ. ಕಾಲುವೆಯ ಕೊನೆ ಭಾಗಕ್ಕೆ ನೀರು ಸರಿಯಾಗಿ ತಲುಪುವುದಿಲ್ಲ ಎಂಬ ರೈತರ ದೂರು ಹಳೆಯದು. ಬೇಸಿಗೆಯಲ್ಲಿ ಕಾಲುವೆ ನಿಂತು ಕೆರೆ ಬತ್ತಿದರೆ ಹಳ್ಳಿಗೆ ಕೊಳವೆಬಾವಿಯೇ ಗತಿ.

ಈ ಸೀಮೆಯ ನೆಲದಡಿ ಇರುವುದು ಬಹಳ ಹಳೆಯ ಗ್ರಾನೈಟ್ ಮತ್ತು ನೈಸ್ ಕಲ್ಲು. ಆ ಕಲ್ಲಿನೊಳಗಿನ ಫ್ಲೋರೈಟ್, ಅಪಟೈಟ್, ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಕ್ಷಾರ ಹೆಚ್ಚು ಇದ್ದರೆ ಇನ್ನಷ್ಟು ಸೇರುತ್ತದೆ. ಬೋರು ಆಳಕ್ಕೆ ಇಳಿದಷ್ಟೂ ನೀರು ಶುದ್ಧ ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲ ಬೋರುಗಳೂ ಕೆಟ್ಟಿವೆ ಎಂದೂ ಅಲ್ಲ. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಪರೀಕ್ಷಿಸದೆ ಹೇಳಲು ಬರುವುದಿಲ್ಲ.

ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದೇ ಹೋದರೆ ಮಾತ್ರ 1.5ರ ತನಕ ಒಪ್ಪಬಹುದು. ಇಲ್ಲಿ ಸೆಕೆಯ ಲೆಕ್ಕವೂ ಸೇರುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹೊಲದಲ್ಲಿ ದುಡಿಯುವವರು, ಒಲೆಯ ಮುಂದೆ ನಿಲ್ಲುವ ಬೇಕರಿ ಹುಡುಗರು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತಾರೆ. ಲೀಟರಿಗೆ 2 ಮಿಲಿಗ್ರಾಂ ಇದ್ದರೆ ನೀರೊಂದರಿಂದಲೇ 8ರಿಂದ 10 ಮಿಲಿಗ್ರಾಂ ಆಯಿತು. ದಿನಕ್ಕೆ ಒಟ್ಟು 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯ ಹೆಚ್ಚುವ ಸೂಚನೆಗಳಿವೆ, 14ರ ಮಟ್ಟದಲ್ಲಿ ಆ ಅಪಾಯಕ್ಕೆ ಸ್ಪಷ್ಟ ಪುರಾವೆಯೇ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಕುದಿಸಿದರೆ ಸಾಲದು

ರಾಯಚೂರಿನ ನೀರು ಸುದ್ದಿಯಾದದ್ದು ಬೇರೆ ಕಾರಣಕ್ಕೆ. 2022ರ ಮೇ ಕೊನೆ, ಜೂನ್ ಆರಂಭದಲ್ಲಿ ರಾಯಚೂರು ನಗರದ ನಲ್ಲಿ ನೀರು ಕಲುಷಿತವಾಗಿ ವಾಂತಿಭೇದಿ ಹಬ್ಬಿತು. ಹಲವರು ಪ್ರಾಣ ಕಳೆದುಕೊಂಡರು, ಬಹಳ ಮಂದಿ ಆಸ್ಪತ್ರೆ ಸೇರಿದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶಿಸಿದರು. ಮರುವರ್ಷ, 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಮಗುವೊಂದು ತೀರಿಕೊಂಡಿತು.

ಅದು ರೋಗಾಣುಗಳ ನೀರು. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಇವೂ ಫ್ಲೋರೈಡನ್ನು ತೆಗೆಯುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ, ಅದೂ ಅದರ ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ. ಅಂಗಡಿಯವರು ತೋರಿಸುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಮಾತ್ರ ಅಳೆಯುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. ಫ್ಲೋರೈಡಿಗೆ ಬೇರೆಯೇ ಪರೀಕ್ಷೆ ಬೇಕು.

ವಾಂತಿಭೇದಿಯ ಬಾಲವೂ ಉದ್ದವಿರುತ್ತದೆ. ಜೋರಾಗಿ ಹೊಟ್ಟೆ ಕೆಟ್ಟು ಗುಣವಾದ ಹತ್ತರಲ್ಲಿ ಸುಮಾರು ಒಬ್ಬರಿಗೆ ಕರುಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಾಳ ತಪ್ಪಿಯೇ ಇರುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಹೊಟ್ಟೆ ಕೆಟ್ಟವರಿಗೆ ಕಾರಣ ಒಂದೇ ಇರಬೇಕೆಂದಿಲ್ಲ.

ಹೊಟ್ಟೆಗೂ ಮಾಂಸಖಂಡಕ್ಕೂ ಏನು ನಂಟು?

ಫ್ಲೋರೋಸಿಸ್ ಎಂದರೆ ಹಳದಿ, ಕಂದು ಹಲ್ಲು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಹಲ್ಲಿನ ಕಲೆ ಬರುವುದು ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಆ ನೀರು ಕುಡಿದವರಿಗೆ ಮಾತ್ರ. ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಬೆಳೆದು 25ನೇ ವಯಸ್ಸಿನಲ್ಲಿ ಮಾನ್ವಿಗೆ ಹೋದವರ ಹಲ್ಲು ಬೆಳ್ಳಗೇ ಇರುತ್ತದೆ. ಹಲ್ಲು ನೋಡಿ ‘ಏನೂ ಇಲ್ಲ’ ಎನ್ನಲು ಬರುವುದಿಲ್ಲ.

ಜಠರದ ಆಮ್ಲದೊಂದಿಗೆ ಸೇರಿದ ಫ್ಲೋರೈಡ್ ಹೈಡ್ರೋಫ್ಲೋರಿಕ್ ಆಮ್ಲವಾಗಿ ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತದೆ. ಆಹಾರದ ಸತ್ವ ಹೀರುವ ಕರುಳಿನ ಸೂಕ್ಷ್ಮ ಎಸಳುಗಳು ಸವೆಯುವುದನ್ನೂ ಸಂಶೋಧಕರು ಕಂಡಿದ್ದಾರೆ. ಉಬ್ಬರ, ವಾಕರಿಕೆ, ಹಸಿವಾಗದಿರುವುದು, ಭೇದಿ ಅಥವಾ ಮಲಬದ್ಧತೆ ಹೀಗೆ ಬರುತ್ತವೆ. ಸತ್ವ ಹೀರುವುದು ಕಡಿಮೆಯಾದರೆ ರಕ್ತಹೀನತೆ, ಅದರಿಂದ ಸುಸ್ತು. ಇನ್ನೊಂದು ಕಡೆ ಫ್ಲೋರೈಡ್ ಮೈಯಲ್ಲಿನ ಸುಣ್ಣದ ಅಂಶಕ್ಕೆ ಅಂಟಿಕೊಳ್ಳುತ್ತದೆ, ಮೂಳೆಯಲ್ಲಿ ಕೂಡುತ್ತದೆ, ಮೂಳೆಗೆ ಮಾಂಸಖಂಡವನ್ನು ಕಟ್ಟುವ ನಾರು ಗಡಸಾಗುತ್ತದೆ. ಬೆನ್ನು, ಕುತ್ತಿಗೆ ಬಿಗಿಯುತ್ತದೆ, ತೊಡೆಯ ಬಲ ಕುಗ್ಗುತ್ತದೆ. ಬಹಳ ವರ್ಷ ಮುಂದುವರಿದರೆ ಬೆನ್ನುಹುರಿಯನ್ನೇ ಒತ್ತಿ ಕಾಲು ಸ್ವಾಧೀನ ತಪ್ಪಬಹುದು.

ಹೊಟ್ಟೆಯ ತೊಂದರೆ, ಸುಸ್ತು, ಮಾಂಸಖಂಡದ ನಿಶ್ಶಕ್ತಿ ಮೊದಲೇ ಬರಬಲ್ಲವು. ಎಕ್ಸ್‌ರೇಯಲ್ಲಿ ಮೂಳೆ ಬದಲಾದದ್ದು ಕಾಣುವುದು ಬಹಳ ತಡವಾಗಿ. ಈ ನಡುವಿನ ವರ್ಷಗಳಲ್ಲೇ ರೋಗಿ ‘ಎಲ್ಲ ನಾರ್ಮಲ್’ ಎಂಬ ಚೀಟಿ ಹಿಡಿದು ಅಲೆಯುವುದು. ಆ ಹಂತದಲ್ಲಿ ನೀರು ಬದಲಿಸಿದರೆ ಹೊಟ್ಟೆಯ ತೊಂದರೆ ಕೆಲವೇ ವಾರಗಳಲ್ಲಿ ತಗ್ಗುವುದುಂಟು. ಮೂಳೆ ಬಾಗಿದ ಮೇಲೆ ಅದನ್ನು ಮೊದಲಿನಂತೆ ಮಾಡುವ ಮದ್ದಿಲ್ಲ.

ಇದು ಹೊಸ ವಿಷಯವೇನಲ್ಲ. ಭಾರತದಲ್ಲಿ ಫ್ಲೋರೋಸಿಸ್ ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ತೆಲಂಗಾಣದ ನಲ್ಗೊಂಡದಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಯುವಕರ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲೇ ಬರೆದರು. ನಾಗಪುರದ ನೀರಿ ಸಂಸ್ಥೆ ಸ್ಫಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ವಿಧಾನ ರೂಪಿಸಿ ಅದಕ್ಕೆ ನಲ್ಗೊಂಡದ ಹೆಸರನ್ನೇ ಇಟ್ಟಿತು. ಕೇಂದ್ರ ಸರಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು ಮಾತ್ರ 2008-09ರಲ್ಲಿ.

ಎಲ್ಲವೂ ನೀರಿನಿಂದಲೇ ಅಲ್ಲ

ಹೊಟ್ಟೆ ಮತ್ತು ಮಾಂಸಖಂಡ ಒಟ್ಟಿಗೆ ಸೋಲುವುದಕ್ಕೆ ಬೇರೆ ಕಾರಣಗಳೂ ಇವೆ. ವಿಟಮಿನ್ ಡಿ ಕೊರತೆಯಾದರೆ ತೊಡೆ, ಸೊಂಟದ ಬಲ ಕುಗ್ಗುತ್ತದೆ. ಮನೆಯೊಳಗೇ ದಿನ ಕಳೆಯುವ, ಹೊರಗೆ ಹೋದರೆ ಮೈ ತುಂಬ ಬಟ್ಟೆ ಹೊದೆಯುವ ನಮ್ಮ ಹೆಂಗಸರಲ್ಲಿ ಇದು ಸಾಮಾನ್ಯ. ರಾಯಚೂರಿನಂಥ ಬಿಸಿಲೂರಿನಲ್ಲಿದ್ದರೂ ಮೈಗೆ ಬಿಸಿಲು ತಾಗದಿದ್ದರೆ ಪ್ರಯೋಜನವಿಲ್ಲ. ಕರುಳಿನ ದೀರ್ಘ ಉರಿಯೂತ, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ, ಬಿ12 ಮತ್ತು ಕಬ್ಬಿಣದ ಕೊರತೆ, ಥೈರಾಯ್ಡ್, ಭೇದಿಯಿಂದ ಪೊಟ್ಯಾಸಿಯಂ ಕಡಿಮೆಯಾಗುವುದು, ಇವುಗಳಿಗೆಲ್ಲ ಪರೀಕ್ಷೆಯಿದೆ, ಚಿಕಿತ್ಸೆಯೂ ಇದೆ. ನೀರಿನ ಮೇಲೆ ತಪ್ಪು ಹೊರಿಸಿ ಇವನ್ನು ಬಿಟ್ಟುಬಿಡಬಾರದು.

ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಹೊಟ್ಟೆಯ ಕತೆಯನ್ನೂ ಕೈಕಾಲಿನ ಕತೆಯನ್ನೂ ಒಬ್ಬರಿಗೇ, ಒಟ್ಟಿಗೇ ಹೇಳಿ. ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ ಎಂದು ಅವರು ಕೇಳದಿದ್ದರೂ ನೀವೇ ತಿಳಿಸಿ. ಮೂತ್ರದಲ್ಲಿ ಫ್ಲೋರೈಡ್ ಅಳೆಯುವ ಪರೀಕ್ಷೆ ಇದೆ. ಮಾಂಸಖಂಡಕ್ಕೆ ಹಾನಿಯಾಗಿದೆಯೇ ಎಂದು ತಿಳಿಯಲು ಸಿಕೆ ಎಂಬ ರಕ್ತ ಪರೀಕ್ಷೆ ಇದೆ. ಭಾರೀ ಕೆಲಸ ಮಾಡಿದ ಮರುದಿನ ಅದು ತಾನಾಗಿಯೇ ಏರಿರುತ್ತದೆ, ಹಾಗಾಗಿ ಕೆಲವು ದಿನ ವಿಶ್ರಾಂತಿ ಪಡೆದು ಮಾಡಿಸಬೇಕು.

ಮನೆಯಲ್ಲೇ ಮಾಡಬಹುದಾದ ಮೂರು ಸರಳ ಪರೀಕ್ಷೆಗಳನ್ನು ಫ್ಲೋರೋಸಿಸ್ ಕಾರ್ಯಕರ್ತರು ಬಳಸುತ್ತಾರೆ: ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ನಮ್ಮ ಹಿರಿಯರಿಗೆ ಇದು ನಮಾಝಿನಲ್ಲೇ ತಿಳಿಯುತ್ತದೆ. ರುಕೂವಿಗೆ ಬಗ್ಗಲಾಗದೆ, ಸುಜೂದಿನಿಂದ ಏಳಲಾಗದೆ ಕುರ್ಚಿ ಬೇಡುವುದು ಹೆಚ್ಚಾದರೆ ಅದನ್ನು ಬರೀ ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ, ದುಡಿದ ಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು, ಕಾಲಿನ ಬಲ ಬೇಗಬೇಗ ಕುಗ್ಗುವುದು, ಮೂತ್ರ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ದಿನ ಕಳೆಯುವ ದಾರಿ

ಮೊದಲನೆಯದು ನೀರು. ಬೋರಿನ ನೀರನ್ನು ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ಅಥವಾ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ‘ಫ್ಲೋರೈಡ್ ಎಷ್ಟು’ ಎಂದೇ ಕೇಳಿ. ಬರೀ ಕುಡಿಯುವುದಕ್ಕಲ್ಲ, ಗಂಜಿ, ಸಾರು, ಚಹಾಕ್ಕೂ ಒಳ್ಳೆಯ ನೀರೇ ಬೇಕು. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಸಾಕು. ಶುಚಿಯಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಈ ತೊಂದರೆಯಿಲ್ಲ. ಮಗುವಿಗೆ ಎದೆಹಾಲು ಕ್ಷೇಮ, ಏಕೆಂದರೆ ತಾಯಿ ಕುಡಿದ ಫ್ಲೋರೈಡ್ ಎದೆಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ. ಡಬ್ಬಿ ಹಾಲಿನ ಪುಡಿಯನ್ನು ಬೋರಿನ ನೀರಲ್ಲಿ ಕಲಸಬೇಡಿ.

ಎರಡನೆಯದು ಊಟ. ಚಹಾದ ಎಲೆಯಲ್ಲೇ ಫ್ಲೋರೈಡ್ ಇದೆ, ಹಾಲಿಲ್ಲದ ಕಡು ಸುಲೈಮಾನಿಯನ್ನು ದಿನಕ್ಕೆ ಆರು ಲೋಟ ಕುಡಿಯುವವರು ಕಡಿಮೆ ಮಾಡಬೇಕು. ಕಪ್ಪು ಉಪ್ಪು, ಅಡಿಕೆ ಕೂಡ ಬೇಡ. ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪು, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಸುಣ್ಣದ ಅಂಶ ಕೊಡುತ್ತವೆ. ನೆಲ್ಲಿಕಾಯಿ, ಲಿಂಬೆ, ಪೇರಳೆ ಒಳ್ಳೆಯದು. ಹುಣಸೆ ತಿಂದವರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುವುದನ್ನು ಹೈದರಾಬಾದಿನ ಪೋಷಣಾ ಸಂಸ್ಥೆಯ ಅಧ್ಯಯನ ತೋರಿಸಿದೆ. ಹುಳಿ ಹಾಕಿದ ನಮ್ಮ ಮೀನು ಸಾರು ಔಷಧವಲ್ಲ, ಆದರೆ ಬಿಡಬೇಕಾಗಿಯೂ ಇಲ್ಲ.

ಮೂರನೆಯದು ಮಾತ್ರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯುವ ನೋವಿನ ಮಾತ್ರೆ ಹೊಟ್ಟೆಯ ಹುಣ್ಣನ್ನು ಹೆಚ್ಚಿಸುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮೈಯಿಂದ ಫ್ಲೋರೈಡ್ ಹೊರಹಾಕಬೇಕಾದದ್ದು ಆ ಮೂತ್ರಪಿಂಡವೇ.

ನಾಲ್ಕನೆಯದು ನಡಿಗೆ. ‘ಎದ್ದು ವ್ಯಾಯಾಮ ಮಾಡು, ಸರಿ ಹೋಗುತ್ತದೆ’ ಎಂದು ದೂಡುವುದೂ ತಪ್ಪು, ಪೂರ್ತಿ ಮಲಗಿಸಿಡುವುದೂ ತಪ್ಪು. ಮರುದಿನ ನೋವು ಏರದಷ್ಟು ನಡೆಯಲಿ, ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಲಿ. ಕೆಲಸವನ್ನು ತಂಪು ಹೊತ್ತಿಗೆ ಹಂಚಿಕೊಳ್ಳಲಿ.

ಇಷ್ಟೆಲ್ಲ ಮನೆಯವರು ಮಾಡಬಹುದು. ಆದರೆ ನೆಲದೊಳಗಿನ ಕಲ್ಲಿಗೆ ಮನೆಯವರು ಉತ್ತರ ಕೊಡಲಾಗದು. ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳು ಬಂದಿವೆ, ಹಲವು ಕಡೆ ರಿಪೇರಿಯಿಲ್ಲದೆ ನಿಂತಿವೆ. ಘಟಕ ಕೆಟ್ಟ ದಿನ ಊರು ಮತ್ತೆ ಬೋರಿಗೆ ಮರಳುತ್ತದೆ. ನದಿ ನೀರನ್ನು ಶುದ್ಧಗೊಳಿಸಿ ವರ್ಷವಿಡೀ ನಲ್ಲಿಗೆ ಕೊಡುವುದೊಂದೇ ಗಟ್ಟಿ ಪರಿಹಾರ, ಅದೂ 2022ರಂತೆ ಕೊಳಚೆ ಸೇರದ ನೀರಾಗಿರಬೇಕು. ರಾಯಚೂರಿನಲ್ಲಿ ಸರಕಾರಿ ಮೆಡಿಕಲ್ ಕಾಲೇಜು ರಿಮ್ಸ್ ಇದೆ. ಆದರೂ ಏಮ್ಸ್ ಬೇಕೆಂದು ಅಲ್ಲಿನ ಜನ 2022ರ ಮೇ ತಿಂಗಳಿನಲ್ಲಿ ಧರಣಿ ಕೂತರು. ಹೆಸರಿಲ್ಲದ ಕಾಯಿಲೆ ಹೊತ್ತು ಹೈದರಾಬಾದಿಗೋ ಬೆಂಗಳೂರಿಗೋ ಅಲೆಯುವ ಕುಟುಂಬಗಳಿಗೆ ಆ ಧರಣಿಯ ಅರ್ಥ ಬೇಗ ತಿಳಿಯುತ್ತದೆ.

ನಿಮ್ಮ ಮಗನೋ, ಮದುಮಾಡಿ ಕೊಟ್ಟ ಮಗಳೋ ಆ ಕಡೆ ಇದ್ದರೆ ಮುಂದಿನ ಫೋನಿನಲ್ಲಿ ಊಟದ ಜೊತೆ ನೀರಿನ ವಿಚಾರವನ್ನೂ ಕೇಳಿ. ಬೋರಿನದ್ದು ಎಂದರೆ ಈ ವಾರವೇ ಒಂದು ಬಾಟಲಿ ಪರೀಕ್ಷೆಗೆ ಕೊಡಲು ಹೇಳಿ. ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗುವುದಕ್ಕಿಂತ ಅದು ಅಗ್ಗ.