ಪಿಕಪ್ ವಾಹನದ ಮುಂಭಾಗವನ್ನು ಎತ್ತರಿಸುವ ಮುನ್ನ: ತಾಂತ್ರಿಕತೆ, ಕಾನೂನು ಮತ್ತು ಲೆಕ್ಕಾಚಾರ

ದಬ್ಬೇಘಟ್ಟ ಹೋಬಳಿಯ ತೆಂಗಿನ ತೋಟಗಳಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಸರಕು ಸಾಗಿಸುವಲ್ಲಿ ಪಿಕಪ್ ವಾಹನಗಳ ಪಾತ್ರ ದೊಡ್ಡದು. ಒಂದು ಕಾಲಕ್ಕೆ ಎತ್ತಿನ ಗಾಡಿ ಹೋಗುತ್ತಿದ್ದ ತೋಟದ ದಾರಿಯಲ್ಲಿ ಇಂದು ಪಿಕಪ್ ಹೋಗಬೇಕಾಗಿದೆ. ಟ್ರ್ಯಾಕ್ಟರ್ ಚಕ್ರಗಳು ಕೊರೆದ ಜಾಡು, ನೀರಿನ ಕಾಲುವೆ, ಬದು ಇವುಗಳನ್ನು ದಾಟುವಾಗ ವಾಹನದ ತಳ ನೆಲಕ್ಕೆ ತಾಗುವುದುಂಟು. ಇದಕ್ಕೆ ಪರಿಹಾರವೆಂದು ಮುಂಭಾಗದ ಸಸ್ಪೆನ್ಷನ್ ಬದಲಿಸಿ ವಾಹನವನ್ನು ಮೂರು ನಾಲ್ಕು ಅಂಗುಲ ಎತ್ತರಿಸುವ ‘ಲಿಫ್ಟ್ ಕಿಟ್’ ಕಡೆಗೆ ಮಾಲೀಕರ ಗಮನ ಹರಿಯುತ್ತದೆ. ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನಷ್ಟೇ ಕೂಡಿ ವೆಚ್ಚವನ್ನು ಅಂದಾಜು ಮಾಡುವುದು ವಾಡಿಕೆ. ವಾಸ್ತವದಲ್ಲಿ ವೆಚ್ಚದ ದೊಡ್ಡ ಭಾಗ ಆ ಬಿಲ್ಲಿನಲ್ಲಿ ಕಾಣುವುದೇ ಇಲ್ಲ.

ಎತ್ತರಿಸಿದಾಗ ನಡೆಯುವುದೇನು?

ಪಿಕಪ್‌ಗಳ ಮುಂಭಾಗದ ಸಸ್ಪೆನ್ಷನ್ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದರಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಆಕ್ಸಲ್ ಇದ್ದು, ಅದು ಉಕ್ಕಿನ ಪಟ್ಟಿಗಳ ಕಟ್ಟಾದ ಲೀಫ್ ಸ್ಪ್ರಿಂಗ್ ಮೂಲಕ ಚಾಸಿಗೆ ಸೇರಿರುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಇದಕ್ಕೆ ಉದಾಹರಣೆ. ಎರಡನೆಯದರಲ್ಲಿ ಪ್ರತಿ ಚಕ್ರವೂ ಪ್ರತ್ಯೇಕವಾಗಿ ಮೇಲೆ ಕೆಳಗೆ ಚಲಿಸುತ್ತದೆ. ಇಸುಝು ಡಿ-ಮ್ಯಾಕ್ಸ್‌ನಲ್ಲಿ ಮೇಲೊಂದು ಕೆಳಗೊಂದು ತೋಳುಗಳ ನಡುವೆ ಕಾಯಿಲ್ ಸ್ಪ್ರಿಂಗ್ ಇರುತ್ತದೆ.

ಮೊದಲ ಬಗೆಯಲ್ಲಿ ಹೆಚ್ಚು ಬಾಗಿದ ಪಟ್ಟಿಗಳನ್ನು ಅಥವಾ ಉದ್ದನೆಯ ಶಾಕಲ್‌ಗಳನ್ನು ಹಾಕಿ ಎತ್ತರಿಸಲಾಗುತ್ತದೆ. ಇದರಿಂದ ಚಾಸಿ ಮತ್ತು ಕ್ಯಾಬಿನ್ ಮೇಲೇರುತ್ತವೆಯೇ ಹೊರತು ಆಕ್ಸಲ್ ಮೇಲೇರುವುದಿಲ್ಲ. ಹಿಂಚಕ್ರಗಳಿಂದ ಚಲಿಸುವ ಪಿಕಪ್‌ಗಳಲ್ಲಿ ನೆಲಕ್ಕೆ ಅತ್ಯಂತ ಸಮೀಪವಿರುವ ಭಾಗ ಸಾಮಾನ್ಯವಾಗಿ ಹಿಂದಿನ ಡಿಫರೆನ್ಷಿಯಲ್. ಜಾಡಿನ ನಡುವಣ ದಿಬ್ಬಕ್ಕೆ ತಾಗುವುದೂ ಹೆಚ್ಚಾಗಿ ಅದೇ. ಮುಂಭಾಗವನ್ನು ಎಷ್ಟು ಎತ್ತರಿಸಿದರೂ ಈ ಭಾಗ ಇದ್ದಲ್ಲೇ ಇರುತ್ತದೆ. ಅಂದರೆ ಯಾವ ತೊಂದರೆಗಾಗಿ ಹಣ ತೆತ್ತರೋ ಆ ತೊಂದರೆ ಹಾಗೆಯೇ ಉಳಿಯುತ್ತದೆ.

ಎರಡನೆಯ ಬಗೆಯಲ್ಲಿ ಎತ್ತರಿಸಿದಾಗ ತೋಳುಗಳು ಕೆಳಮುಖವಾಗಿ ವಾಲಿ, ಬಾಲ್ ಜಾಯಿಂಟ್‌ಗಳು ತಮ್ಮ ಮಿತಿಯ ಅಂಚಿನಲ್ಲಿ ಕೆಲಸ ಮಾಡಬೇಕಾಗುತ್ತದೆ. ಚಕ್ರಗಳ ಕೋನ ಬದಲಾಗಿ ಟೈರಿನ ಒಂದೇ ಅಂಚು ಬೇಗ ಸವೆಯುತ್ತದೆ. ಬ್ರೇಕಿನ ರಬ್ಬರ್ ಕೊಳವೆಗಳು ಬಿಗಿಯಾಗುತ್ತವೆ. ಪ್ರತ್ಯೇಕ ಸಸ್ಪೆನ್ಷನ್ ತೆಗೆದು ಒಂದೇ ಆಕ್ಸಲ್ ಕೂರಿಸುವ ಪರಿವರ್ತನೆಯಂತೂ ಚಾಸಿಗೆ ಬೆಸುಗೆ, ಸ್ಟೀರಿಂಗ್ ಮತ್ತು ಬ್ರೇಕ್ ಜೋಡಣೆಗಳ ಬದಲಾವಣೆ ಎಲ್ಲವನ್ನೂ ಬೇಡುತ್ತದೆ. ಅದನ್ನು ದುರಸ್ತಿ ಎನ್ನಲಾಗದು.

ಹೊರೆಯ ಪ್ರಶ್ನೆ

ಲಿಫ್ಟ್ ಕಿಟ್ ಹಾಕಿಸಿದರೆ ಹೆಚ್ಚು ಹೊರೆ ಹೇರಬಹುದೆಂಬ ಭಾವನೆ ತಪ್ಪು. ಸಾಗಿಸಬಹುದಾದ ತೂಕವನ್ನು ಸ್ಪ್ರಿಂಗ್ ಒಂದೇ ನಿರ್ಧರಿಸುವುದಿಲ್ಲ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್, ಚಾಸಿ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಅಲ್ಲದೆ ಪಿಕಪ್‌ನ ಹೊರೆ ಬಹುಪಾಲು ಹಿಂಚಕ್ರಗಳ ಮೇಲೆ ಬೀಳುತ್ತದೆ. ತೆಂಗಿನಕಾಯಿ ತುಂಬಿದಾಗ ಹಿಂಭಾಗ ತಗ್ಗಿ ಮುಂಭಾಗ ತಾನಾಗಿಯೇ ಏರುತ್ತದೆ. ಮೊದಲೇ ಎತ್ತರಿಸಿದ ವಾಹನದಲ್ಲಿ ಈ ಏರಿಕೆ ಇನ್ನೂ ಹೆಚ್ಚಿ, ದೀಪದ ಬೆಳಕು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಬೀಳುತ್ತದೆ.

ವಾಹನ ಮಗುಚುವ ಅಪಾಯವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ ಅಂತರ 1.40 ಮೀಟರ್, ಹೊರೆಸಹಿತ ಗುರುತ್ವ ಕೇಂದ್ರದ ಎತ್ತರ 1.00 ಮೀಟರ್ ಎಂದಿಟ್ಟುಕೊಂಡರೆ ಪ್ರಮಾಣ 0.70. ಮುಂದೆ ಹಿಂದೆ ಎರಡೂ ಕಡೆ ನಾಲ್ಕು ಅಂಗುಲ, ಅಂದರೆ ಸುಮಾರು 0.10 ಮೀಟರ್ ಎತ್ತರಿಸಿದರೆ ಅದು 0.64ಕ್ಕೆ ಇಳಿಯುತ್ತದೆ. ತಿರುವಿನಲ್ಲಿ ವಾಹನ ತಡೆದುಕೊಳ್ಳುವ ಶಕ್ತಿಯಲ್ಲಿ ನೂರಕ್ಕೆ ಒಂಬತ್ತರಷ್ಟು ಕುಗ್ಗಿದಂತಾಯಿತು. ಕಾಯಿಗಳ ಮೇಲೆ ಕೂಲಿಯಾಳುಗಳೂ ಕುಳಿತಿದ್ದರೆ ಈ ಒಂಬತ್ತರ ಬೆಲೆಯನ್ನು ರೂಪಾಯಿಯಲ್ಲಿ ಕಟ್ಟಲಾಗದು.

ಕಾನೂನಿನ ನಿಲುವು

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದೇ ತತ್ವವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಮಿತಿಮೀರಿದ ಹೊರೆಗೆ 194ನೇ ಕಲಮು 20,000 ರೂ. ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡವನ್ನು ನಿಗದಿಪಡಿಸಿದೆ.

ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ನವೀಕರಿಸಬೇಕು. ಆ ತಪಾಸಣೆಯಲ್ಲಿ ಮಾರ್ಪಾಡು ಕಂಡುಬಂದರೆ ಮೂಲ ಸ್ಥಿತಿಗೆ ತರುವವರೆಗೆ ವಾಹನ ನಿಲ್ಲಬೇಕಾಗಬಹುದು. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು, ಅಪಘಾತದ ನಂತರ ಸ್ವಂತ ಹಾನಿಯ ಪರಿಹಾರಕ್ಕೆ ಆಕ್ಷೇಪವೆತ್ತಲು ಆಸ್ಪದ ನೀಡುತ್ತದೆ. ಆಗ ವಾಹನ ಕೈಬಿಟ್ಟರೂ ಸಾಲದ ಕಂತು ಬಿಡುವುದಿಲ್ಲ.

ಲೆಕ್ಕಪತ್ರದಲ್ಲಿ

ಸವೆದ ಅಥವಾ ಮುರಿದ ಪಟ್ಟಿಯ ಬದಲಿಗೆ ಅದೇ ನಿರ್ದಿಷ್ಟತೆಯ ಪಟ್ಟಿ ಹಾಕಿಸಿದರೆ ಅದು ದುರಸ್ತಿ. ಆ ವರ್ಷದ ವೆಚ್ಚವಾಗಿ ಲಾಭದಿಂದ ಕಳೆಯಬಹುದು. ಕಾನೂನು ನಿಷೇಧಿಸಿದ ಉದ್ದೇಶಕ್ಕಾಗಿ ಮಾಡಿದ ವೆಚ್ಚವನ್ನು ಆದಾಯ ತೆರಿಗೆ ಕಾನೂನು ವ್ಯವಹಾರದ ವೆಚ್ಚವೆಂದು ಒಪ್ಪುವುದಿಲ್ಲ. ಕಾನೂನು ಮೀರಿದ್ದಕ್ಕೆ ತೆತ್ತ ದಂಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪ್ರತಿ ವಾಹನಕ್ಕೆ ತಿಂಗಳಿಗೆ 7,500 ರೂ. ಅಂದಾಜು ಆದಾಯ ತೋರಿಸುವ ಸಣ್ಣ ಸಾಗಣೆದಾರರಿಗೆ ಯಾವ ವೆಚ್ಚವನ್ನೂ ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಅವರು ತೆತ್ತದ್ದು ಪೂರ್ತಿಯಾಗಿ ಅವರ ಕೈಯಿಂದಲೇ ಹೋಗುತ್ತದೆ.

ಕಿಟ್ ಮತ್ತು ಕೂಲಿ ಸೇರಿ 25,000 ರೂ. ಎಂದು ಭಾವಿಸೋಣ. ದಿನಕ್ಕೆ 2,000 ರೂ. ಉಳಿತಾಯ ತರುವ ವಾಹನ ಹದಿನೈದು ದಿನ ನಿಂತರೆ 30,000 ರೂ. ನಷ್ಟ. ಟೈರಿನ ಸವೆತ, ಮೂಲ ಸ್ಥಿತಿಗೆ ತರುವ ಖರ್ಚು ಇದಕ್ಕೆ ಹೊರತು.

ಮಾಲೀಕರು ಅನುಸರಿಸಬಹುದಾದ ಕ್ರಮಗಳು

1. ಖಾಲಿಯಿದ್ದಾಗ ಮತ್ತು ಹೊರೆಯಿದ್ದಾಗ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿ ಅಳೆದು ಬರೆದಿಡಬೇಕು. ಒಂದು ಬದಿ ತಗ್ಗಿದ್ದರೆ ಪಟ್ಟಿ ಕುಸಿದಿರುವ ಸಂಭವವುಂಟು. ವಾಹನ ತಗ್ಗಾಗಿದೆ ಎನಿಸಲು ಸವೆದ ಸ್ಪ್ರಿಂಗ್ ಕಾರಣವೇ ಎಂಬುದನ್ನು ಮೊದಲು ನೋಡಬೇಕು.

2. ಸ್ಪ್ರಿಂಗ್, ಬುಷ್, ಶಾಕ್ ಅಬ್ಸಾರ್ಬರ್‌ಗಳನ್ನು ತಯಾರಕರ ನಿರ್ದಿಷ್ಟತೆಯಂತೆ ಎರಡೂ ಬದಿಗೆ ಜೋಡಿಯಾಗಿ ಬದಲಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಬಿಲ್ಲನ್ನು ಕಾದಿಡಬೇಕು.

3. ತೋಟದ ದಾರಿಯ ಜಾಡಿಗೆ ಮಣ್ಣು ತುಂಬಿ ನಡುವಣ ದಿಬ್ಬ ಸವರಿಸುವುದು, ಕಾಲುವೆಗೆ ಕೊಳವೆ ಹಾಕಿಸುವುದು ಅಕ್ಕಪಕ್ಕದ ತೋಟದವರು ಹಂಚಿಕೊಳ್ಳಬಹುದಾದ ಖರ್ಚು. ಮಳೆಗಾಲದಲ್ಲಿ ಟ್ರ್ಯಾಕ್ಟರಿನಿಂದ ರಸ್ತೆಯವರೆಗೆ ತಂದು ಪಿಕಪ್‌ಗೆ ತುಂಬುವುದು ಇನ್ನೊಂದು ದಾರಿ.

4. ಹೊಸ ವಾಹನ ಕೊಳ್ಳುವಾಗಲೇ ತೋಟದ ದಾರಿಗೆ ತಕ್ಕ ಮಾದರಿಯನ್ನು ಆಯ್ದುಕೊಳ್ಳಬೇಕು.

5. ಎತ್ತರಿಸಲೇಬೇಕೆಂದಿದ್ದರೆ ಮೊದಲು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಿ, ನೋಂದಣಿ ಪ್ರಾಧಿಕಾರದಿಂದ ಲಿಖಿತ ಉತ್ತರ ಪಡೆಯಬೇಕು. ಕೆಎ-44 ಸಂಕೇತದ ವಾಹನಗಳಿಗೆ ಅದು ತಿಪಟೂರಿನ ಸಾರಿಗೆ ಕಚೇರಿ. ವಿಮಾ ಸಂಸ್ಥೆಗೂ ಬರವಣಿಗೆಯಲ್ಲಿ ತಿಳಿಸಬೇಕು. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

ಸಣ್ಣ ವರ್ತಕರ ಪಾಲಿಗೆ ಪಿಕಪ್ ಎಂಬುದು ಸಾಲ ತಂದು ಕೊಂಡ ಬಂಡವಾಳ. ಅದರ ಎತ್ತರ ಹೆಚ್ಚಿಸುವ ಮೊದಲು ನೆಲಕ್ಕೆ ತಾಗುತ್ತಿರುವ ಭಾಗ ಯಾವುದೆಂದು ಒಮ್ಮೆ ಬಗ್ಗಿ ನೋಡುವುದು ಒಳಿತು. ಅದಕ್ಕೆ ಖರ್ಚೇನೂ ತಗಲುವುದಿಲ್ಲ.