ಕೈತೋಟದ ನೆಮ್ಮದಿ: ಬಿಸಿಲು, ನೀರು, ಮಣ್ಣಿನ ಲೆಕ್ಕ

ದಿನದ ಕೆಲಸ ಮುಗಿಸಿ ಬಂದವರು ಮನೆಯಂಗಳದ ಹಸಿರಿನ ನಡುವೆ ಸ್ವಲ್ಪ ಹೊತ್ತು ಕುಳಿತರೆ ಮನಸ್ಸು ಹಗುರಾಗುತ್ತದೆ. ಈ ಹಗುರಿಗೆ ಕಾರಣವಾಗುವ ಸಂಗತಿಗಳನ್ನು ಬಿಡಿಸಿ ನೋಡಿದರೆ ಸಿಗುವವು ಕೆಲವೇ: ಬಿಸಿಲಿನ ಝಳವನ್ನು ತಗ್ಗಿಸುವ ನೆರಳು, ಎಲೆಗಳಿಂದ ಹೊರಬೀಳುವ ತೇವ, ಕಣ್ಣಿಗೆ ಆಯಾಸ ತರದ ಹಸಿರು, ಸಂಜೆಯ ಪರಿಮಳ. ಸಸ್ಯಗಳು ತಮ್ಮ ಬದುಕಿಗಾಗಿ ನಡೆಸುವ ಈ ಕ್ರಿಯೆಗಳಿಗೆ ಯಾರೂ ಬೆಲೆ ತೆರಬೇಕಿಲ್ಲ. ಆದರೂ ಕೈತೋಟ ಮಾಡಿಸಲು ಹೊರಟವರ ಹಣ ಹೆಚ್ಚಾಗಿ ಹುಲ್ಲುಹಾಸು, ಬೆಳೆದು ನಿಂತ ಪಾಮ್ ಗಿಡ, ಬಣ್ಣದ ಬೆಣಚುಕಲ್ಲುಗಳ ಪಾಲಾಗುತ್ತದೆ. ಕಡಿಮೆ ಖರ್ಚಿನ ತೋಟದ ಯೋಜನೆ ಎಂದರೆ ಸಸ್ಯಗಳ ಆ ಕ್ರಿಯೆಗಳಿಗೆ ತಕ್ಕ ಜಾಗವನ್ನು ಒದಗಿಸುವ ಲೆಕ್ಕಾಚಾರ.

ಹಸಿರು ಮನಸ್ಸಿಗೆ ಹಿತ ಎಂಬ ಮಾತಿಗೆ ಆಸ್ಪತ್ರೆಯ ಕಡತಗಳಿಂದಲೂ ಆಧಾರ ದೊರಕಿದೆ. ಅಮೆರಿಕದ ರೋಜರ್ ಉಲ್ರಿಕ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿಯನ್ನು, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಯೊಡನೆ ಅವರು ಹೋಲಿಸಿದ್ದರು. ಮರ ಕಂಡವರು ಬೇಗ ಮನೆಗೆ ಮರಳಿದರು. ಅವರಿಗೆ ಬಲವಾದ ನೋವುನಿವಾರಕಗಳೂ ಕಡಿಮೆ ಸಾಕಾದವು. ಅಧ್ಯಯನ ಚಿಕ್ಕದು, ಆದರೆ ಅದು ತೋರಿದ ದಾರಿ ದೊಡ್ಡದು. ಅಲ್ಲಿ ಕೆಲಸ ಮಾಡಿದ್ದು ಅಲಂಕಾರದ ತೋಟವಲ್ಲ, ಕಿಟಕಿಯಾಚೆ ನಿಂತಿದ್ದ ಸಾಮಾನ್ಯ ಮರಗಳು.

ಯೋಜನೆಯ ಮೊದಲ ಹೆಜ್ಜೆ ಬಿಸಿಲಿನ ಲೆಕ್ಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ತುಸು ಉತ್ತರಕ್ಕೆ ವಾಲಿ, ಮತ್ತೆ ದಕ್ಷಿಣಕ್ಕೆ ಸರಿಯುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಲ್ಲೂ ಅವನ ಎತ್ತರ 54 ಡಿಗ್ರಿಯಷ್ಟೇ ಇರುವುದರಿಂದ, 20 ಅಡಿ ಎತ್ತರದ ಮನೆಯ ನೆರಳು ಉತ್ತರದ ಅಂಗಳದಲ್ಲಿ ಸುಮಾರು 15 ಅಡಿ ಚಾಚಿಕೊಳ್ಳುತ್ತದೆ. ಜೂನ್‌ನಲ್ಲಿ ಬಿಸಿಲು ಕಂಡಿತೆಂದು ಅಲ್ಲಿ ನೆಟ್ಟ ಗುಲಾಬಿ ಡಿಸೆಂಬರ್ ಹೊತ್ತಿಗೆ ನೆರಳಿನಲ್ಲಿ ಸೊರಗುವುದು ಇದರಿಂದಲೇ. ಹಾಳೆಯ ಮೇಲೆ ಅಂಗಳದ ನಕ್ಷೆ ಬರೆದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿ ಬೀಳುತ್ತದೆಂದು ಋತುವಿಗೊಮ್ಮೆ ಗುರುತು ಹಾಕಿಕೊಳ್ಳಲು ಪೆನ್ಸಿಲಿಗಿಂತ ಹೆಚ್ಚಿನ ಖರ್ಚಿಲ್ಲ. ಗಿಡ ಸತ್ತು ಮತ್ತೆ ಕೊಳ್ಳುವ ನಷ್ಟವನ್ನು ಅದು ತಪ್ಪಿಸುತ್ತದೆ.

ನೆರಳಿನ ಅಗತ್ಯ ಹೆಚ್ಚಾಗಿರುವುದು ಪಡುವಣ ಬದಿಯಲ್ಲಿ. ಇಳಿಹೊತ್ತಿನ ಬಿಸಿಲು ಓರೆಯಾಗಿ ಬಂದು ಗೋಡೆಗೆ ನೇರವಾಗಿ ಬೀಳುತ್ತದೆ. ಗೋಡೆ ಹೀರಿಕೊಂಡ ಆ ಶಾಖ ಕತ್ತಲಾದ ಮೇಲೂ ಹೊರಬರುತ್ತಿರುತ್ತದೆ. ಅಲ್ಲೊಂದು ಮರವಿದ್ದರೆ ಬಿಸಿಲು ಎಲೆಯ ಮೇಲೆ ತಂಗುತ್ತದೆ. ಎಲೆಯ ಕೆಲಸ ನೆರಳಿಗೆ ಮುಗಿಯುವುದಿಲ್ಲ. ಅದರ ಮೈಯಲ್ಲಿರುವ ಸೂಕ್ಷ್ಮ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಬೀಳುತ್ತಿರುತ್ತದೆ, ಇದೇ ಬಾಷ್ಪವಿಸರ್ಜನೆ. ಒಂದು ಲೀಟರ್ ನೀರು ಹೀಗೆ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ವಿದ್ಯುತ್ ಲೆಕ್ಕದಲ್ಲಿ ಇದು ಒಂದು ಯೂನಿಟ್‌ನ ಮೂರನೇ ಎರಡು ಭಾಗದಷ್ಟಾಗುತ್ತದೆ. ಈ ಶಾಖವನ್ನು ಎಲೆ ಬಿಸಿಲಿನಿಂದಲೂ ಸುತ್ತಲಿನ ಗಾಳಿಯಿಂದಲೂ ಪಡೆಯುತ್ತದೆ. ಮಣಿಕಟ್ಟಿನಷ್ಟು ದಪ್ಪದ ನುಗ್ಗೆ ಕೊಂಬೆಯನ್ನು ಮಳೆಗಾಲದ ಮೊದಲು ಊರಿದರೆ ಬಲುಬೇಗ ತೆಳುನೆರಳು ಸಿಗುತ್ತದೆ. ಅದರ ರೆಂಬೆಗಳು ಗಾಳಿಗೆ ಮುರಿಯುವುದರಿಂದ ಗೋಡೆಯಿಂದ ದೂರವಿಟ್ಟು ವರ್ಷಕ್ಕೊಮ್ಮೆ ಸವರಬೇಕು.

ಎರಡನೆಯದು ನೀರು. ಹುಲ್ಲುಹಾಸಿನ ನಿಜವಾದ ವೆಚ್ಚ ಇರುವುದು ಅದನ್ನು ಹಾಸಿದ ದಿನದಲ್ಲಲ್ಲ, ಬೇಸಿಗೆಯುದ್ದಕ್ಕೂ ಅದಕ್ಕೆ ಹಾಯಿಸುವ ನೀರಿನಲ್ಲಿ. ಬಚ್ಚಲ ನೀರನ್ನು ಬಾಳೆಗೂ ಕೆಸುವಿಗೂ ಹರಿಯಬಿಡುತ್ತಿದ್ದ ಹಳೆಯ ಹಿತ್ತಲುಗಳು ಈ ಲೆಕ್ಕವನ್ನು ಆಗಲೇ ಬಿಡಿಸಿದ್ದವು. ಆ ತೇವದ ಅಂಚಿನಲ್ಲಿ ಒಂದೆಲಗ ತಾನೇ ಹಬ್ಬಿ ನೆಲ ಮುಚ್ಚುತ್ತದೆ. ಅದನ್ನು ಚಟ್ನಿ, ತಂಬುಳಿಗೆ ಬಳಸುವ ಮನೆಗಳಲ್ಲಿ ಆ ಗಿಡಗಳಿಗೆ ತರಕಾರಿ, ಅಕ್ಕಿ ತೊಳೆದ ನೀರನ್ನು ಹಾಯಿಸಿದರೆ ಒಳ್ಳೆಯದು. ಮಳೆಯ ಲೆಕ್ಕವೂ ಸರಳ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 80 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆ ಸುರಿದರೆ 1,600 ಲೀಟರ್.

ಮೂರನೆಯದು ಮಣ್ಣು. ಮನೆ ಕಟ್ಟಿದ ಜಾಗದ ಮಣ್ಣಿನಲ್ಲಿ ಜಲ್ಲಿ, ಗಾರೆಯ ಚೂರುಗಳೇ ಹೆಚ್ಚು. ಅದಕ್ಕೆ ಜೀವ ತುಂಬುವ ಗೊಬ್ಬರ ಮನೆಯಲ್ಲೇ ತಯಾರಾಗಬಲ್ಲದು. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಪ್ರಮಾಣದಲ್ಲಿ ಬೇಕು. ತರಗೆಲೆಯಲ್ಲಿ ಇಂಗಾಲ ಹೆಚ್ಚು, ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಒಂದು ಬುಟ್ಟಿ ಸಿಪ್ಪೆಗೆ ಎರಡು ಮೂರು ಬುಟ್ಟಿ ತರಗೆಲೆ ಸೇರಿಸಿ ಪದರ ಪದರವಾಗಿ ಹಾಕಿದರೆ ಕೆಟ್ಟ ವಾಸನೆ ಬಾರದೆ ಗೊಬ್ಬರ ಪಕ್ವವಾಗುತ್ತದೆ.

ಇಷ್ಟಾದ ಮೇಲೆ ಗಿಡ. ದಾಸವಾಳ, ನಂದಿಬಟ್ಟಲು, ಮಲ್ಲಿಗೆಗಳಂಥವು ನೆರೆಮನೆಯ ಕಡ್ಡಿಯಿಂದಲೇ ಬರುತ್ತವೆ. ಪೆನ್ಸಿಲ್ ಗಾತ್ರದ ಅರೆಬಲಿತ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ನೆರಳಿನಲ್ಲಿ ನೆಡುವುದು ರೂಢಿ. ಇದರ ಹಿಂದಿನ ರಹಸ್ಯ ಆಕ್ಸಿನ್ ಎಂಬ ಸಸ್ಯ ಹಾರ್ಮೋನು. 1928ರಲ್ಲಿ ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಯಿಂದ ಇಂಥದೊಂದು ವಸ್ತು ಹೊರಬರುವುದನ್ನು ತೋರಿಸಿದರು. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಕೆಳಮುಖವಾಗಿ ಸಾಗಿ, ಮುಂದೆ ದಾರಿಯಿಲ್ಲದೆ ಕಡಿದ ತುದಿಯಲ್ಲಿ ಶೇಖರವಾಗುತ್ತದೆ. ಅಲ್ಲಿನ ಜೀವಕೋಶಗಳು ಕಾಂಡವಾಗಿರುವುದನ್ನು ಬಿಟ್ಟು ಬೇರುಗಳಾಗಲು ತೊಡಗುತ್ತವೆ. ಬೇರಿಲ್ಲದ ಕಡ್ಡಿಗೆ ಕಳೆದುಕೊಂಡ ನೀರನ್ನು ತುಂಬಿಕೊಳ್ಳುವ ಶಕ್ತಿಯಿಲ್ಲವಾದ್ದರಿಂದ, ಬಾಷ್ಪವಿಸರ್ಜನೆ ತಗ್ಗಿಸಲು ಎಲೆ ಕತ್ತರಿಸುತ್ತಾರೆ. ಒಂದು ತುಂಡು ಕಾಂಡದೊಳಗೆ ಇಡೀ ಗಿಡವೇ ಮತ್ತೆ ಹುಟ್ಟುವ ಸಾಮರ್ಥ್ಯ ಅಡಗಿರುವುದು ಸಸ್ಯಲೋಕದ ದೊಡ್ಡ ವಿಸ್ಮಯಗಳಲ್ಲೊಂದು.

ಯಾವ ಹೂವನ್ನು ಎಲ್ಲಿ ನೆಡಬೇಕೆಂಬುದನ್ನು ಮನೆಯವರು ಕೂರುವ ಹೊತ್ತೇ ನಿರ್ಧರಿಸಬೇಕು. ಬೆಳಕು ಕುಗ್ಗಿದಂತೆ ಕಣ್ಣಿನ ಕೆಲಸ ಶಂಕುಕೋಶಗಳಿಂದ ದಂಡಕೋಶಗಳಿಗೆ ಹಸ್ತಾಂತರವಾಗುತ್ತದೆ. ದಂಡಕೋಶಗಳು ಕೆಂಪು ಬೆಳಕನ್ನು ಗ್ರಹಿಸುವುದು ಅತಿ ಕಡಿಮೆ. ಹತ್ತೊಂಬತ್ತನೇ ಶತಮಾನದಲ್ಲಿ ಪುರ್ಕಿಂಜೆ ಎಂಬ ವಿಜ್ಞಾನಿ ಗುರುತಿಸಿದ ಈ ಪರಿಣಾಮದಿಂದ ಮುಸ್ಸಂಜೆಯಲ್ಲಿ ಕೆಂಪು ಹೂವು ಕಪ್ಪಿಡುತ್ತದೆ, ಬಿಳಿ ಹೂವು ಕಾಣುತ್ತಲೇ ಇರುತ್ತದೆ. ಇರುಳಿನ ಪತಂಗಗಳನ್ನು ಕರೆಯುವ ಹೂಗಳಲ್ಲಿ ಬಿಳಿ ಬಣ್ಣವೂ ಗಾಢ ಪರಿಮಳವೂ ಹೆಚ್ಚಾಗಿ ಕಾಣುವುದು ಇರುಳಿನ ಮಂದ ಬೆಳಕಿಗೆ ಹೊಂದಿಕೊಂಡೇ. ಸಂಜೆ ಕೂರುವ ಮನೆಗೆ ಜಗುಲಿಯ ಬಳಿ ಮಲ್ಲಿಗೆ, ಪಾರಿಜಾತ ತಕ್ಕವು. ದಾಸವಾಳ ಬೆಳಗಿನ ಬಿಸಿಲಿನ ಬದಿಗಿರಲಿ.

ಹೀಗೆ ಬಿಸಿಲು, ನೀರು, ಮಣ್ಣು, ಗಿಡ ಎಂಬ ಕ್ರಮದಲ್ಲಿ ಸಾಗಿದರೆ ಹಣ ಬೇಕಾಗುವುದು ಎರಡೇ ಕಡೆ: ಕೂರಲು ಒಂದು ಕಲ್ಲುಚಪ್ಪಡಿ, ಮಳೆನೀರಿಗೆ ಒಂದು ಡ್ರಮ್ಮು. ಉಳಿದದ್ದನ್ನು ಹಂತಹಂತವಾಗಿ ಬೆಳೆಸುವುದರಲ್ಲಿ ಖರ್ಚಿಗಿಂತ ಮಿಗಿಲಾದ ಲಾಭವೊಂದಿದೆ. ಮೊದಲ ವರ್ಷ ನೆಟ್ಟ ಗಿಡಗಳಲ್ಲಿ ಯಾವುದು ನಳನಳಿಸಿತು, ಯಾವುದು ಬಾಡಿತು ಎಂಬುದು ಆ ನೆಲದ ಸ್ವಭಾವವನ್ನು ತಿಳಿಸುತ್ತದೆ, ಎರಡನೇ ವರ್ಷದ ಆಯ್ಕೆ ಅದನ್ನು ಆಧರಿಸಿ ನಡೆಯುತ್ತದೆ. ಒಂದೇ ವಾರದಲ್ಲಿ ದುಡ್ಡು ಕೊಟ್ಟು ಮಾಡಿಸಿದ ತೋಟಕ್ಕೆ ಈ ತಿಳಿವಳಿಕೆ ಇರುವುದಿಲ್ಲ. ತನ್ನ ನೆಲವನ್ನು ಅರಿತು ಬೆಳೆದ ತೋಟ ಕಡಿಮೆ ಆರೈಕೆಯಲ್ಲಿ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವವರಿಗೂ ವಿಶ್ರಾಂತಿಯ ಹೊತ್ತು ಉಳಿಯುತ್ತದೆ.